ದಾನಪ್ಪನ ತೂಕ

ಆಗಸ್ಟ್ 10, ಭಾನುವಾರ, ಮರ್ಫಿ

ಪ್ಲೇನೋದಲ್ಲಿ ಪ್ರಹ್ಲಾದ್ ಡಾಕ್ಟರ ಮನೆಯಲ್ಲಿ ಇವತ್ತು ಶ್ರಾವಣದ ಭಜನೆ ಇತ್ತು. ಇನ್ನು ಆ ಮನೆಯ ಮೆಟ್ಟಿಲು ಹತ್ತುವುದಿಲ್ಲ.

ಭಜನೆ ಮುಗಿದು ಎಲ್ಲರೂ ಕೋಸಂಬರಿ ಹಾಕಿಸಿಕೊಳ್ಳುತ್ತಿದ್ದಾಗ ಡಾಕ್ಟರ ಹೆಂಡತಿ ಉಷಾ ಫೋನು ಹಿಡಿದು ನನ್ನ ಪಕ್ಕ ಬಂದು ಕೂತಳು. "ಆಂಟಿ, ಇದು ನಿಮ್ಮ ಮೊಮ್ಮಗ ಅಲ್ವಾ? ಎಷ್ಟು ಮುದ್ದಾಗಿ ತಿಂತಿದಾನೆ ನೋಡಿ" ಅಂದಳು. ಹ್ಯೂಸ್ಟನ್ನಿನಲ್ಲಿ ಅವನ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದವರೇ ಹಾಕಿದ ವಿಡಿಯೋ. ಐದು ಜನ ದೈತ್ಯರು ಉದ್ದದ ಮೇಜಿಗೆ ಕೂತಿದ್ದಾರೆ. ನಡುವೆ ಕಾಗದ ಹಾಸಿ ಹೊಗೆಯಲ್ಲಿ ಬೇಯಿಸಿದ ದನದ ಮಾಂಸ ಗುಡ್ಡೆ ಹಾಕಿದ್ದಾರೆ. ಅದರಲ್ಲೊಬ್ಬ ನನ್ನ ದಾನಪ್ಪ. ಎರಡೂ ಕೈಯಲ್ಲಿ ತಿನ್ನುತ್ತಿದ್ದಾನೆ. ಕೆಳಗೆ ತಾರೀಖು ನೋಡಿದೆ. ಆಗಸ್ಟ್ 4. ಶ್ರಾವಣ ಸೋಮವಾರ.

ಇಪ್ಪತ್ತು ಮಂದಿ ನನ್ನ ಮುಖವನ್ನೇ ನೋಡುತ್ತಿದ್ದರು. "ಹೌದವ್ವ, ನನ್ನ ಮೊಮ್ಮಗನ. ನಿನ್ನ ಕೋಸಂಬರಿಗೆ ಉಪ್ಪು ಕಡಿಮಿ ಆಗೇತಿ" ಅಂದು ಎದ್ದು ಬಂದೆ.

ಕಾರಿನಲ್ಲಿ ಸೊಸೆ ಏನೋ ಹೇಳಲು ಬಾಯಿ ತೆಗೆದಳು. ನಾನು ಕೈ ಎತ್ತಿದೆ.

ಮನೆಗೆ ಬಂದು ದಾನಪ್ಪನಿಗೆ ಫೋನ್ ಮಾಡಿ "ಬಾ" ಅಂದೆ. ಅಷ್ಟೇ. ಇವತ್ತು ಅವನಿಗೆ ಅಭ್ಯಾಸ ಇರಲಿಲ್ಲ. ನಾಲ್ಕೂವರೆ ತಾಸು ಡ್ರೈವ್ ಮಾಡಿಕೊಂಡು ಸಂಜೆ ಆರಕ್ಕೆ ಬಂದ, ಬಾಗಿಲಲ್ಲಿ ತಲೆ ತಗ್ಗಿಸಿ. ನಮ್ಮ ಮನೆಯ ಎಲ್ಲ ಬಾಗಿಲಲ್ಲೂ ಅವನು ತಲೆ ತಗ್ಗಿಸಬೇಕು.

ಅವನನ್ನು ಬೆಳೆಸಿದವಳು ನಾನು. ಹೆಸರಿಟ್ಟವಳೂ ನಾನೇ. ಸೊಸೆಗೆ ಕೌಸ್ತುಭ್ ಅಂತ ಇಡುವ ಆಸೆ ಇತ್ತು. ನಾನು ನಮ್ಮ ಮಾವನವರ ಹೆಸರು ಇಡಿಸಿದೆ. ಇಂಗ್ಲಿಷಿನಲ್ಲಿ ಕೇಳಿದರೆ ಊಟ ಬಡಿಸುತ್ತಿರಲಿಲ್ಲ. ಅದಕ್ಕೇ ಇವತ್ತಿಗೂ ನನ್ನ ಜೊತೆ ಕನ್ನಡ ಮಾತಾಡುತ್ತಾನೆ.

"ಆಯಿ, ಚೆಂಡು ಒಗೆಯೋ ಕ್ವಾರ್ಟರ್‌ಬ್ಯಾಕ್ ನಮ್ಮನ್ನ ಊಟಕ್ಕ ಕರ್ಕೊಂಡು ಹೋಗಿದ್ದ. ಅವನಿಗೆ ಪೆಟ್ಟು ಬೀಳಲಾರದಂಗ ನಾವು ಐದು ಮಂದಿ ಮುಂದ ನಿಂತಿರ್ತೀವಲ್ಲ, ಅದಕ್ಕ ಅವ ನಮಗ ಉಣಿಸ್ತಾನ. ಅದು ಪದ್ಧತಿ."

"ನಮ್ಮ ಮನಿ ಪದ್ಧತಿ ಏನು?"



ನಮ್ಮ ಯಜಮಾನರ ಫೋಟೋ ಮುಂದೆ ನಿಲ್ಲಿಸಿದೆ. ಅವನ ಅಜ್ಜ ಚನ್ನಮಲ್ಲಪ್ಪನವರು ರೊಟ್ಟಿ ತಿಂದೇ ಕ್ವಿಂಟಾಲ್ ಜೋಳದ ಚೀಲ ಬೆನ್ನ ಮೇಲೆ ಹೊತ್ತವರು. "ಮಾಂಸ ಮುಟ್ಟಂಗಿಲ್ಲ, ಮೊಟ್ಟಿನೂ ಮುಟ್ಟಂಗಿಲ್ಲ. ಅಜ್ಜನ ಆಣಿ ಮಾಡು" ಅಂದೆ. ಮಾಡಿದ. ಏಳಕ್ಕೆ ವಾಪಸ್ ಹೊರಟ. ಎಂಟು ರೊಟ್ಟಿ ಕಟ್ಟಿಕೊಟ್ಟೆ.

ಆಗಸ್ಟ್ 21, ಗುರುವಾರ

ಮಗ ಸುನೀಲ ಆಫೀಸಿನಿಂದ ಬಂದು ಹಳೆಯ ರಾಗವನ್ನೇ ತೆಗೆದ. ದಾನಪ್ಪ ಆಟ ಬಿಟ್ಟು ಮೆಡಿಕಲ್ ಪರೀಕ್ಷೆಗೆ ಕೂಡಬೇಕಂತೆ. ಇದೇ ಕಡೆಯ ವರ್ಷ, ಮೂರು ವರ್ಷ ಬೆಂಚಿನ ಮೇಲೆ ಕೂತು ಹೋದ ವರ್ಷವಷ್ಟೇ ದಾನಪ್ಪನಿಗೆ ಜಾಗ ಸಿಕ್ಕಿದೆ. "ಬಾಲ್ ಕೂಡ ಮುಟ್ಟಂಗಿಲ್ಲ ಅವ್ವ, ಐದು ವರ್ಷ ಗ್ವಾಡಿ ಆಗಿ ನಿಂತ ಏನು ಬಂತು?" ಅಂದ.

ಗೋಡೆ ಇಲ್ಲದೆ ಮನೆ ಕಟ್ಟಿದವನನ್ನು ತೋರಿಸು ಅಂದೆ. ಇಂಜಿನಿಯರಲ್ಲವೇ, ಎದ್ದು ಹೋಗಿ ಟೀವಿ ಹಾಕಿದ.

ಆಟ ನನಗೂ ಇಷ್ಟವಿಲ್ಲ. ಅದು ಬೇರೆ ಮಾತು. ಹೊಸಮನಿ ಮನೆತನದವನು ಶುರು ಮಾಡಿದ್ದನ್ನು ನಡುವೆ ಬಿಡಬಾರದು.

ಆಗಸ್ಟ್ 30, ಶನಿವಾರ, ಹ್ಯೂಸ್ಟನ್

ವರ್ಷದ ಮೊದಲ ಆಟ. ನಾವು ಮೂವರೂ ಬಂದಿದ್ದೇವೆ. ಬಿಸಿಲಿಗೆ ಕಬ್ಬಿಣದ ಬೆಂಚು ಹಂಚಿನಂತೆ ಕಾದಿತ್ತು. ಇಳಕಲ್ ಸೀರೆಯ ಸೆರಗು ತಲೆ ಮೇಲೆ ಹೊದ್ದುಕೊಂಡು ಕೂತೆ.

ದಾನಪ್ಪ ಎಡಗಡೆಯಿಂದ ಎರಡನೆಯ ಜಾಗದಲ್ಲಿ ನಿಲ್ಲುತ್ತಾನೆ. ಗಾರ್ಡ್ ಅನ್ನುತ್ತಾರೆ. ಅಂಗಿಯ ಮೇಲೆ 67, ಅದರ ಮೇಲೆ ಹೊಸಮನಿ ಅಂತ ಹೆಸರು. ಅದನ್ನು ನೋಡುವುದಕ್ಕೇ ನಾನು ಬರುವುದು. ಆದರೆ ಚೆಂಡು ಒಗೆದವನ ಹೆಸರು ಕೂಗುತ್ತಾರೆ, ಹಿಡಿದವನ ಹೆಸರು ಕೂಗುತ್ತಾರೆ, ಇವನ ಹೆಸರನ್ನು ಯಾರೂ ಕೂಗುವುದಿಲ್ಲ. ಹೋದ ವರ್ಷವೆಲ್ಲ ಕಾದೆ.

ಇವತ್ತು ಎರಡನೆಯ ಭಾಗದಲ್ಲಿ ಕರಿಬಿಳಿ ಪಟ್ಟೆಯ ಅಂಗಿಯವನು ನಡುವೆ ಬಂದು ಮೈಕಿನಲ್ಲಿ "ನಂಬರ್ ಸಿಕ್ಸ್‌ಟಿ ಸೆವೆನ್" ಅಂದ. ಇಡೀ ಸ್ಟೇಡಿಯಮ್ಮಿಗೆ ಕೇಳಿಸಿತು. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. "ನಮ್ಮವ! ನಮ್ಮವ!" ಅಂದೆ. ಮುಂದಿನ ಸಾಲಿನವರೆಲ್ಲ ತಿರುಗಿ ನೋಡಿದರು.

ಸೊಸೆ ಸೆರಗು ಜಗ್ಗಿದಳು. "ಅತ್ತಿ, ಕೂಡ್ರಿ. ತಪ್ಪು ಮಾಡ್ಯಾನಂತ ಕೂಗ್ಯಾರ್ರಿ. ಎದುರಿನವನ್ನ ಕೈಲೆ ಹಿಡ್ಕೊಂಡಾನಂತ. ಹತ್ತು ಗಜ ದಂಡ."

ಇವನಂಥವರು ತಪ್ಪು ಮಾಡಿದರೆ ಮಾತ್ರ ನಂಬರು ಕೂಗುತ್ತಾರಂತೆ. ಇದೆಂಥ ನ್ಯಾಯ. ಎದ್ದವಳು ಹಾಗೆ ಕೂಡಲಿಲ್ಲ. ಇನ್ನೂ ನಾಲ್ಕು ಸಲ ತಟ್ಟಿಯೇ ಕೂತೆ.

ಮತ್ತೆ ಎರಡು ಸಲ ಅದೇ ನಂಬರು ಕೂಗಿದರು.

ಆಟ ಮುಗಿದ ಮೇಲೆ ದಾನಪ್ಪ ಬಂದು ಕಾಲು ಮುಟ್ಟಿದ. ಕೊರಳು ಸಣ್ಣದಾಗಿದೆ ಅನಿಸಿತು. ಬೆವರಿನಿಂದ ಹಾಗೆ ಕಂಡಿರಬೇಕು.

ಸೆಪ್ಟೆಂಬರ್ 14, ಭಾನುವಾರ, ಮರ್ಫಿ

ದಾನಪ್ಪನ ಜಾಗ ಹೋಯಿತು.

ನಿನ್ನೆ ಟೀವಿಯಲ್ಲಿ ಅವನ ಜಾಗದಲ್ಲಿ ಬೇರೆ ಯಾರೋ ನಿಂತಿದ್ದ. ನಮ್ಮವನು ಅಂಚಿನಲ್ಲಿ, ಟವೆಲು ಹೆಗಲ ಮೇಲೆ ಹಾಕಿಕೊಂಡು. ಇವತ್ತು ಫೋನ್ ಮಾಡಿದೆ. "ಕೋಚ್ ಡಿಸಿಷನ್, ಆಯಿ" ಅಂದ.

ಆ ಕೋಚಿಗೆ ಕಣ್ಣಿಲ್ಲ. ಮೂರು ವರ್ಷ ಕಾದ ಹುಡುಗನನ್ನು ಎರಡು ಆಟಕ್ಕೆ ಎತ್ತಿ ಬಿಸಾಡುತ್ತಾನೆ. ಸುನೀಲನಿಗೆ ಒಳಗೊಳಗೇ ಖುಷಿ, ನನಗೆ ಗೊತ್ತು. ಪರೀಕ್ಷೆಯ ಪುಸ್ತಕದ ಮಾತು ತೆಗೆದ. ಊಟದ ತಟ್ಟೆ ಮುಂದಿಟ್ಟುಕೊಂಡು ಇಂಥ ಮಾತು ಬೇಡ ಅಂದೆ. ನಾನೇ ಕೋಚಿಗೆ ಪತ್ರ ಬರೆಯುತ್ತೇನೆ, ಕನ್ನಡದಲ್ಲಿಯೇ ಬರೆಯುತ್ತೇನೆ, ಯಾರಿಂದ ಓದಿಸಿಕೊಳ್ಳುತ್ತಾನೋ ಓದಿಸಿಕೊಳ್ಳಲಿ.

ಸೆಪ್ಟೆಂಬರ್ 16, ಮಂಗಳವಾರ

ಪತ್ರಕ್ಕೆ ಕೋಚಿನ ವಿಳಾಸ ಕೇಳಿದೆ. ಸೊಸೆ ಸಿಂಕಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನೀರು ನಿಲ್ಲಿಸಿದಳು.

"ಪತ್ರ ಬ್ಯಾಡ್ರಿ ಅತ್ತಿ. ಕೋಚಿಂದು ತಪ್ಪಿಲ್ಲ."

"ಮತ್ಯಾರ್ದು?"

"ಅವ ಮುನ್ನೂರಾ ಎಂಟು ಪೌಂಡ್ ಇದ್ದ. ಈಗ ಇನ್ನೂರಾ ಎಂಬತ್ತೊಂಬತ್ತು. ಎದುರಿನವರು ಹಗೂರಕ ನೂಕಿ ಹೊಂಟಾರ. ತಡೀಲಿಕ್ಕೆ ಆಗ್ಲಾರದ ಕೈಲೆ ಹಿಡ್ಕೊಂಡಾನ, ಅದಕ್ಕ ದಂಡ ಬಿದ್ದಾವ. ಒಂದು ತಿಂಗಳಿಂದ ತಂಡದ ಮೆಸ್ಸಿನಾಗ ಬಟಾಟಿ, ಬ್ರೆಡ್ಡು, ಎಲಿ ತಿಂದು ಎದ್ದು ಹೋಗ್ತಾನ. ಯಾರಿಗೂ ಹೇಳಿಲ್ಲ. ನನಗೂ ಹೇಳ್ಬ್ಯಾಡ ಅಂದಿದ್ದ. ನೀವು ಮಾಡಿಸಿದ ಆಣಿರಿ ಅತ್ತಿ. ನಿಮ್ಮ ಆಣಿ."

ಇಪ್ಪತ್ತನಾಲ್ಕು ವರ್ಷದಲ್ಲಿ ಅವಳು ನನ್ನೆದುರು ಇಷ್ಟು ಮಾತು ಒಟ್ಟಿಗೆ ಆಡಿದ್ದಿಲ್ಲ. ಕೈಯಿಂದ ಸೋಪಿನ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಒರೆಸು ಅಂದೆ. ಒರೆಸಲಿಲ್ಲ.

ಸೆಪ್ಟೆಂಬರ್ 17, ಬುಧವಾರ

ಬರೆಯುವಂಥದ್ದು ಏನೂ ಇಲ್ಲ.

ಸೆಪ್ಟೆಂಬರ್ 18, ಗುರುವಾರ

ಆಣೆ ಹಿಂದಕ್ಕೆ ತೆಗೆದುಕೊಳ್ಳುವುದು ನನಗೆ ಗೊತ್ತಿಲ್ಲ. ಜಗತ್ತಿನಲ್ಲಿ ಆನೆ ಸೊಪ್ಪು ತಿಂದೇ ಬದುಕಿದೆ. ನನ್ನ ಅಡುಗೆಯಲ್ಲಿ ಬಲವಿಲ್ಲ ಅಂತ ಯಾರಾದರೂ ನನ್ನೆದುರು ನಿಂತು ಹೇಳಲಿ.

ನಾಳೆ ಹ್ಯೂಸ್ಟನ್ನಿಗೆ ಹೋಗುತ್ತೇನೆ. ಜೋಳದ ಹಿಟ್ಟು ಇಪ್ಪತ್ತು ಸೇರು, ಶೇಂಗಾ, ಪುಟಾಣಿ ಕಡಲೆ, ಮೂರು ಡಬ್ಬಿ ತುಪ್ಪ, ದೊಡ್ಡ ಕುಕ್ಕರು ಕಟ್ಟಿದ್ದೇನೆ. ಸೊಸೆ ವಾಣಿಶ್ರೀ ಡ್ರೈವ್ ಮಾಡುತ್ತೇನೆ ಅಂದಿದ್ದಾಳೆ. ಸುನೀಲ "ಎಷ್ಟು ದಿನ ಅವ್ವ?" ಅಂದ. ಇಪ್ಪತ್ತು ಪೌಂಡ್ ಅಂದೆ.

ಸೆಪ್ಟೆಂಬರ್ 23, ಮಂಗಳವಾರ, ಹ್ಯೂಸ್ಟನ್

ದಾನಪ್ಪನ ಅಪಾರ್ಟ್‌ಮೆಂಟು ಎರಡು ಕೋಣೆ. ಜೊತೆಗಿದ್ದ ಹುಡುಗ ನನ್ನ ಕುಕ್ಕರಿನ ಸೀಟಿಗೆ ಹೆದರಿ ಗೆಳೆಯನ ಮನೆಗೆ ಶಿಫ್ಟ್ ಆದ. ಒಳ್ಳೆಯದೇ ಆಯಿತು.

ಬೆಳಿಗ್ಗೆ ಐದಕ್ಕೆ ಎದ್ದು ಹನ್ನೆರಡು ರೊಟ್ಟಿ, ಝುಣಕ, ಮೊಸರು, ಶೇಂಗಾ ಹೋಳಿಗೆ. ಮಧ್ಯಾಹ್ನ ಮತ್ತೆ. ಸಂಜೆ ಮತ್ತೆ. ಬಡಿಸಿದ್ದನ್ನೆಲ್ಲ ತಿನ್ನುತ್ತಾನೆ. ಬೇಡ ಅನ್ನುವುದಿಲ್ಲ.

ಇವತ್ತು ತಂಡದ ಊಟ ನೋಡಿಕೊಳ್ಳುವ ಹುಡುಗಿ ಮರಿಸೋಲ್ ಮನೆಗೆ ಬಂದಿದ್ದಳು. ದಾನಪ್ಪ ಈಗ ಅವಳಿಗೆ ಎಲ್ಲ ಹೇಳಿದ್ದಾನೆ. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ನಾನು ರೊಟ್ಟಿ ಬಡಿಯುವುದನ್ನು ನೋಡಿದಳು. ತಾನೂ ಒಂದು ಬಡಿದಳು, ಅವಳ ಅಜ್ಜಿ ಮೆಕ್ಕೆಜೋಳದ ಟೋರ್ಟಿಯಾ ತಟ್ಟುತ್ತಿದ್ದಳಂತೆ. ಕೈ ಪಳಗಿದೆ. ಹುಡುಗಿ ಚೊಕ್ಕ.

ಆಮೇಲೆ ಲೆಕ್ಕ ಹೇಳಿದಳು, ದಾನಪ್ಪ ಕನ್ನಡ ಮಾಡಿದ. ದಿನಕ್ಕೆ ಏಳು ಸಾವಿರ ಕ್ಯಾಲೊರಿ, ಅದರಲ್ಲಿ ಇಷ್ಟು ಪ್ರೋಟೀನು. ಮಾಂಸವಿಲ್ಲದೆಯೂ ಆಗುತ್ತದೆ, ಆದರೆ ಅದಕ್ಕೆ ಒಂದು ವರ್ಷ ಬೇಕು, ಮೈಗೆ ಮೆಲ್ಲಗೆ ರೂಢಿ ಮಾಡಿಸಬೇಕು. ಆಟ ನಡೆದಿರುವಾಗ ಒಮ್ಮೆಲೇ ಬಿಟ್ಟರೆ ಮೈ ತನ್ನನ್ನೇ ತಾನು ತಿನ್ನುತ್ತದೆ.

"ನಮ್ಮ ಯಜಮಾನರು ಕ್ವಿಂಟಾಲ್ ಚೀಲ ಹೊರತಿದ್ರು ಅಂತ ಹೇಳು ಆಕೀಗೆ" ಅಂದೆ.

ಹೇಳಿದ. ಅವಳು ನಕ್ಕು ಏನೋ ಅಂದಳು.

"ಏನಂತ?"

"ಚೀಲ ತಿರುಗಿ ನೂಕಂಗಿಲ್ಲ ಅಂತ, ಆಯಿ."

ಉತ್ತರ ಕೊಡಬಹುದಿತ್ತು. ರೊಟ್ಟಿ ಹೊತ್ತುತ್ತಿತ್ತು.

ಸೆಪ್ಟೆಂಬರ್ 26, ಶುಕ್ರವಾರ

292.

ಸೆಪ್ಟೆಂಬರ್ 29, ಸೋಮವಾರ

ಮತ್ತೆ 290. ಎರಡು ಹೋಳಿಗೆ ಹೆಚ್ಚು ಹಾಕಿದೆ. ತುಪ್ಪ ಮೇಲೆ ಸುರಿದೆ.

ನಾನು ತಟ್ಟೆಯ ಎದುರು ಕೂತಿದ್ದೆ. ಹತ್ತನೆಯ ರೊಟ್ಟಿ ಮುಗಿಸಿದ. ಹನ್ನೊಂದನೆಯದು ಮುರಿದ. ಕಣ್ಣು ಮುಚ್ಚಿಕೊಂಡು ಅಗಿಯುತ್ತಿದ್ದ, ಚಿಕ್ಕವನಿದ್ದಾಗ ಕಷಾಯ ಕುಡಿಸಿದರೆ ಕುಡಿಯುತ್ತಿದ್ದ ಹಾಗೆ. ಹಣೆ ಬೆವರಿತ್ತು. ನುಂಗಲು ನೀರು ಕುಡಿದ. ಮತ್ತೊಂದು ತುತ್ತು. ನಾನು ಸಾಕು ಅನ್ನಲಿ ಅಂತ ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೆ ಅನ್ನುತ್ತಿದ್ದೆನೋ ಇಲ್ಲವೋ ಹೇಳಲಾರೆ.

ಎದ್ದು ಬಾತ್‌ರೂಮಿಗೆ ಹೋದ. ನೀರು ಬಿಟ್ಟುಕೊಂಡ, ನನಗೆ ಕೇಳಿಸಬಾರದು ಅಂತ. ಕೇಳಿಸಿತು.

ಹೊರಗೆ ಬಂದು ಬಾಯಿ ಒರೆಸಿಕೊಂಡು ಮತ್ತೆ ತಟ್ಟೆಯ ಮುಂದೆ ಕೂತ.

"ಏಳು" ಅಂದೆ.

"ಇನ್ನೊಂದೈತಿ, ಆಯಿ."

"ಏಳು ಅಂದೆ."

ನಾನು ಹಾಕಿದ ಊಟ ನನ್ನ ಕೈಯಾರೆ ತೆಗೆದದ್ದು ಇದೇ ಮೊದಲು.

ಅಕ್ಟೋಬರ್ 2, ಗುರುವಾರ, ದಸರಾ

ಇಲ್ಲಿ ಬನ್ನಿ ಗಿಡ ಸಿಗುವುದಿಲ್ಲ. ಮೆಸ್ಕೀಟ್ ಅಂತ ಒಂದು ಮುಳ್ಳುಗಿಡ ಇದೆ, ಎಲೆ ಹಾಗೆಯೇ. ಮರ್ಫಿಯಲ್ಲಿ ಪ್ರತಿ ವರ್ಷ ಅದನ್ನೇ ತರುತ್ತೇವೆ. ಹ್ಯೂಸ್ಟನ್ನಿನಲ್ಲಿ ಮರಿಸೋಲಳನ್ನು ಕೇಳಿದೆ. ಅವಳು ಕಾರಿನಲ್ಲಿ ಕರೆದುಕೊಂಡು ಹೋಗಿ ಒಂದು ಚಹಾ ಅಂಗಡಿಯ ಹಿಂದೆ ತೋರಿಸಿದಳು. ಮುಳ್ಳು ಚುಚ್ಚಿ ಬೆರಳಲ್ಲಿ ರಕ್ತ ಬಂತು.

ಸಂಜೆ ದಾನಪ್ಪ ಅಭ್ಯಾಸ ಮುಗಿಸಿ ಬಂದ. ಚಿಕ್ಕವರು ದೊಡ್ಡವರಿಗೆ ಬನ್ನಿ ಕೊಟ್ಟು ಕಾಲು ಮುಟ್ಟುವುದು, ವರ್ಷದ ಸಿಟ್ಟುಸೆಡವು ಮರೆತು ಬಂಗಾರದ ಹಾಗೆ ಇರೋಣ ಅನ್ನುವುದು ನಮ್ಮ ಕಡೆಯ ರೂಢಿ. ಅವನು ಬೂಟು ಬಿಚ್ಚುತ್ತಿದ್ದ. ನಾನು ನಿಂತು ನಿಂತು ಸೊಂಟ ನೋಯುತ್ತಿತ್ತು, ಅದಕ್ಕೆ ನಾನೇ ಮೊದಲು ಅವನ ಕೈಯಲ್ಲಿ ಎಲೆ ಇಟ್ಟೆ.

"ಆಯಿ, ನಾ ಕೊಡಬೇಕಲ್ಲ ನಿನಗ? ಉಲ್ಟಾ ಆತು."

"ತಗೋ. ಬಂಗಾರದಂಗ ಇರು."

ತಗೊಂಡ. ನನ್ನ ಬೆರಳಿನ ರಕ್ತ ನೋಡಿದ.

"ಆಣಿ ಇಟ್ಟಾಕಿ ನಾ. ತಗಿಯಾಕಿನೂ ನಾನ. ಇವತ್ತಿಗೆ ಅದು ಇಲ್ಲ. ಪಾಪ ಬಂದ್ರ ನನ್ನ ತಲಿ ಮ್ಯಾಲೆ ಬರಲಿ, ನಿಮ್ಮಜ್ಜನ ಜೊತಿ ನಾ ಮಾತಾಡ್ತೀನಿ. ಹೋಗು, ನಿನ್ನ ಮೆಸ್ಸಿನಾಗ ಏನು ಬೇಕೋ ಅದನ್ನ ಉಣ್ಣು."

ಅವನು ಎಲೆಯನ್ನು ಜೇಬಿನಲ್ಲಿಟ್ಟುಕೊಂಡ. ಆಮೇಲೆ ಅಂದ: "ಆಯಿ, ಇನ್ನ ಮ್ಯಾಲೆ ಏನು ತಿನ್ನಬೇಕು, ಏನು ಬಿಡಬೇಕು ನಾನ ನೋಡ್ಕೋತೀನಿ. ನೀ ತಿನ್ನು ಅಂದಿ ಅಂತ ತಿನ್ನಂಗಿಲ್ಲ, ಬ್ಯಾಡ ಅಂದಿ ಅಂತ ಬಿಡಂಗಿಲ್ಲ. ಸರಿನಾ?"

ನನ್ನ ಮನೆಯಲ್ಲಿ ಯಾರೂ ನನಗೆ ಹೀಗೆ ಹೇಳಿದ್ದಿಲ್ಲ. ಇದು ನನ್ನ ಮನೆ ಅಲ್ಲ, ಅವನ ಬಾಡಿಗೆ ಮನೆ. ಹಾಗಾಗಿ ಸರಿ ಅಂದೆ.

ತಪ್ಪು ಮಾಡಿದೆ ಅಂತ ನಾನು ಹೇಳಿಲ್ಲ. ಅವನೂ ಕೇಳಲಿಲ್ಲ.

ಅಕ್ಟೋಬರ್ 4, ಶನಿವಾರ, ಮರ್ಫಿ

ವಾಣಿ ಬಂದು ಕರೆದುಕೊಂಡು ಬಂದಳು. ದಾರಿಯಲ್ಲಿ ಆಣೆ ತೆಗೆದೆ ಅಂತ ಹೇಳಿದೆ. ಅವಳು ಕಾರನ್ನು ಹೈವೇ ಪಕ್ಕ ನಿಲ್ಲಿಸಿ ಸ್ಟಿಯರಿಂಗ್ ಹಿಡಿದುಕೊಂಡು ಕೂತಳು. ಟ್ರಕ್ಕುಗಳು ಹೋಗುವ ರಭಸಕ್ಕೆ ಕಾರು ಅಲುಗಾಡುತ್ತಿತ್ತು. ಹಿಂಗ ನಡುದಾರಿಯೊಳಗ ನಿಲ್ಲಿಸಿದ್ರ ಇಬ್ಬರೂ ಸಾಯ್ತೀವಿ, ನಡಿ ಅಂದೆ. ನಕ್ಕಳು. ನನ್ನೆದುರು ಅವಳು ಬಾಯಿ ತುಂಬ ನಗುವುದು ನನಗೆ ಗೊತ್ತೇ ಇರಲಿಲ್ಲ.

ಅಕ್ಟೋಬರ್ 19, ಭಾನುವಾರ

ಈ ವಾರವೂ ಬೆಂಚು. ತೂಕ ಕೇಳಬೇಕೆಂದು ಫೋನ್ ಮಾಡಿದೆ. ಹವೆ ಹೇಗಿದೆ ಅಂತ ಕೇಳಿ ಇಟ್ಟೆ.

ವಾಣಿಗೆ ಗೊತ್ತು. 296 ಅಂತ ಅವಳಾಗಿಯೇ ಹೇಳಿದಳು.

ನವೆಂಬರ್ 1, ಶನಿವಾರ

ಡಲ್ಲಾಸಿನಲ್ಲಿ ರಾಜ್ಯೋತ್ಸವ. ಶಾಲೆಯ ಹಾಲಿನ ತುಂಬ ಜನ. ಹೋಗಬೇಡ ಅಂತ ಸುನೀಲ. ಯಾಕೆ ಹೋಗಬಾರದು, ನಾನೇನು ಕದ್ದಿದ್ದೇನೆಯೇ?

ಊಟದ ಸಾಲಿನಲ್ಲಿ ಉಷಾ ಎದುರಾದಳು. ಈ ಸಲ ಬೆಣ್ಣೆಯಂಥ ಮಾತು. "ಆಂಟಿ, ಆಣೆ ಮಾಡಿಸಿ ಮೊಮ್ಮಗನನ್ನ ಪೂರ್ತಿ ವೆಜಿಟೇರಿಯನ್ ಮಾಡಿದ್ರಂತೆ. ಎಲ್ಲರೂ ಹೇಳ್ತಿದಾರೆ. ಅಜ್ಜಿ ಅಂದ್ರೆ ಹೀಗಿರಬೇಕು."

ಸುತ್ತ ಅದೇ ಇಪ್ಪತ್ತು ಮಂದಿ. ಎಲ್ಲರೂ ತಲೆ ಆಡಿಸಿದರು. ಹೌದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೋದ ಮರ್ಯಾದೆಯನ್ನು ತಟ್ಟೆಯಲ್ಲಿಟ್ಟು ವಾಪಸ್ ಕೊಡುತ್ತಿದ್ದಳು.

"ಆ ಆಣಿ ನಾನ ತಗದೀನಿ" ಅಂದೆ.

"ಅಯ್ಯೋ! ಹಾಗಾದ್ರೆ ಈಗ ತಿಂತಾನಾ?"

"ನಾ ಕೇಳಿಲ್ಲ. ಕೇಳೋದೂ ಇಲ್ಲ. ನಿನಗ ಅಷ್ಟು ಚಿಂತಿ ಇದ್ರ ಅವನ ಫೋನ್ ನಂಬರ್ ಕೊಡ್ತೀನಿ, ನೀನ ಕೇಳವ್ವ. ಅವ ಆರು ಅಡಿ ಐದು ಇಂಚು ಅದಾನ, ಜೋರಾಗಿ ಕೇಳು."

ಯಾರೋ ಹಿಂದೆ ಕಿಸಕ್ಕನೆ ನಕ್ಕರು. ಪ್ರಹ್ಲಾದ್ ಡಾಕ್ಟರೇ ಅಂತ ವಾಣಿ ಹೇಳುತ್ತಾಳೆ. ನಾನು ಎರಡು ಸಲ ಬಿಸಿಬೇಳೆಬಾತ್ ಹಾಕಿಸಿಕೊಂಡು ಉಂಡೆ. ಕಡೆಯ ಹಾಡಿನವರೆಗೂ ಮೊದಲ ಸಾಲಿನಲ್ಲೇ ಕೂತೆ.

ನವೆಂಬರ್ 16, ಭಾನುವಾರ

302. ಮುಂದಿನ ಶನಿವಾರ ಆಸ್ಟಿನ್ನಿನಲ್ಲಿ ಆಟ. ಎಡಗಡೆಯಿಂದ ಎರಡನೆಯ ಜಾಗ ಅವನದು. ಕೋಚ್ ಹೇಳಿದನಂತೆ.

ಸುನೀಲ ಕೂಡ ಶುಕ್ರವಾರ ರಜೆ ಹಾಕಿದ್ದಾನೆ. "ಒಂದ್ ಆಟ ನೋಡಿ ಬರೋಣು ತಗೋ" ಅಂದ. ಮುಖದಲ್ಲಿ ಬೇಸರ ತೋರಿಸಲು ಬಹಳ ಕಷ್ಟಪಟ್ಟ.

ನವೆಂಬರ್ 22, ಶನಿವಾರ, ಜಾರ್ಜ್‌ಟೌನ್

ಆಸ್ಟಿನ್ನಿನ ಹತ್ತಿರ ವಾಣಿಯ ತಂಗಿ ಕುಮುದಾ ಮನೆಯಲ್ಲಿ ಇಳಿದಿದ್ದೇವೆ. ಎಲ್ಲರೂ ಟೀವಿ ಮುಂದೆ ಕೂತಿದ್ದಾರೆ. ನಾನು ಬರೆದು ಮುಗಿಸುತ್ತೇನೆ.

ಆಸ್ಟಿನ್ನಿನ ಸ್ಟೇಡಿಯಮ್ಮು ಒಂದು ಊರಿನಷ್ಟಿದೆ. ಎಲ್ಲ ಅವರ ಕಡೆಯವರೇ, ನಮ್ಮವರು ಒಂದು ಮೂಲೆಯಲ್ಲಿ ಹಿಡಿಯಷ್ಟು. ಗದ್ದಲಕ್ಕೆ ಎದೆ ಅದುರುತ್ತದೆ. ಮುಂದೆ ಕೂತಿದ್ದ ಒಬ್ಬ ದಡಿಯ ನಮ್ಮ ತಂಡಕ್ಕೆ ಏನೇನೋ ಬೈಯುತ್ತಿದ್ದ. ನಾನು ಕೊಡೆಯ ತುದಿಯಿಂದ ಅವನ ಹೆಗಲು ತಟ್ಟಿ 67ನ್ನು ತೋರಿಸಿ "ಮೈ ಗ್ರ್ಯಾಂಡ್‌ಸನ್" ಅಂದೆ. "ಯೆಸ್ ಮ್ಯಾಮ್" ಅಂದು ಆಮೇಲೆ ಬೈಗಳು ಕಡಿಮೆ ಮಾಡಿದ.

ನಾನು ಚೆಂಡು ನೋಡಲಿಲ್ಲ. ಯಾರು ಒಗೆದರು, ಎಲ್ಲಿ ಬಿತ್ತು, ನನಗೆ ಗೊತ್ತಿಲ್ಲ. ದಾನಪ್ಪನ ಬೆನ್ನು ನೋಡುತ್ತಿದ್ದೆ. ಬಗ್ಗಿ ಒಂದು ಕೈ ನೆಲಕ್ಕೆ ಊರುತ್ತಾನೆ. ಚೆಂಡು ಅಲುಗಿದ ಕೂಡಲೇ ಎದುರಿನವನು ಹೋರಿಯಂತೆ ಬರುತ್ತಾನೆ. ಇವನು ಅಲ್ಲೇ ಇರುತ್ತಾನೆ. ಮತ್ತೆ ಬಗ್ಗುತ್ತಾನೆ. ಮತ್ತೆ ಅಲ್ಲೇ ಇರುತ್ತಾನೆ. ಮೂರನೆಯ ಭಾಗದಲ್ಲಿ ಒಮ್ಮೆ ಇಬ್ಬರು ಒಟ್ಟಿಗೆ ಬಂದರು. ಒಂದು ಹೆಜ್ಜೆ ಹಿಂದೆ ಹೋದ. ವಾಣಿ ನನ್ನ ಕೈ ಹಿಡಿದುಕೊಂಡಳು. ಎರಡನೆಯ ಹೆಜ್ಜೆ ಹೋಗಲಿಲ್ಲ.

ಇಡೀ ಆಟದಲ್ಲಿ ಅವನ ನಂಬರನ್ನು ಒಮ್ಮೆಯೂ ಕೂಗಲಿಲ್ಲ. ಸುನೀಲ ಎಣಿಸಿಟ್ಟಿದ್ದ, ಅರವತ್ತೆಂಟು ಸಲ ನಿಂತನಂತೆ.

ಮೂರು ಅಂಕದಿಂದ ಸೋತರು. ಸೋಲಲಿ. ಅವನ ಕಡೆಯಿಂದ ಯಾರೂ ಒಳಗೆ ಬರಲಿಲ್ಲ.

ಆಟ ಮುಗಿದ ಮೇಲೆ ಬೇಲಿಯ ಹತ್ತಿರ ಬಂದ. ಮೂಗಿನ ಮೇಲೆ ಗಾಯ, ಕೈಬೆರಳಿಗೆಲ್ಲ ಪಟ್ಟಿ. ಕಾಲು ಮುಟ್ಟಲು ಬಗ್ಗಿದ, ಬೇಲಿ ಅಡ್ಡ ಬಂತು. ಬಿಡು, ಮಣಕಾಲು ನೋಯ್ತಾವು ಅಂದೆ. ಅವನ ಹಿಂದೆ ನಾಲ್ಕು ಜನ ದೈತ್ಯರು ಹೆಲ್ಮೆಟ್ಟು ಕೈಯಲ್ಲಿ ಹಿಡಿದು ಕಾಯುತ್ತಿದ್ದರು. ಊಟಕ್ಕೆ ಹೊರಟಿದ್ದರು, ನೋಡಿದರೇ ಗೊತ್ತಾಗುತ್ತಿತ್ತು. ನಾನು ಬೆಳಿಗ್ಗೆ ನಾಲ್ಕಕ್ಕೆದ್ದು ಕುಮುದಾಳ ಒಲೆಯ ಮೇಲೆ ಇಪ್ಪತ್ತು ರೊಟ್ಟಿ ಬಡಿದಿದ್ದೆ. ಡಬ್ಬಿ ಕಾರಿನಲ್ಲಿತ್ತು.

ಅವನಿಗೂ ಗೊತ್ತಿತ್ತು. ನನ್ನ ಮುಖ ನೋಡಿದ, ಅವರ ಕಡೆ ನೋಡಿದ.

"ಹಸಿವಿ ಆಗೇತೇನು?" ಅಂದೆ.

"ಭಾಳ, ಆಯಿ."

"ಹಂಗಾದ್ರ ನಿಂತಿ ಯಾಕ? ಅವರೂ ಹಸ್ದಾರ. ಹೋಗು, ನಿನ್ನ ಗೆಳೆಯಾರ ಜೊತಿ ಉಣ್ಣು."

ಹೋದ. ಸ್ವಲ್ಪ ದೂರ ಹೋಗಿ ಒಮ್ಮೆ ತಿರುಗಿ ನೋಡಿದ. ಐದು ಜನ ಒಟ್ಟಿಗೆ ಸುರಂಗದಂಥ ದಾರಿಯೊಳಗೆ ಹೋದರು. ಹಿಂದಿನಿಂದ ನೋಡಿದರೆ ಯಾರು ಯಾವನು ಅಂತ ಹೇಳುವುದು ಕಷ್ಟ. ನಾನು ಹೇಳಬಲ್ಲೆ.

ಪಾರ್ಕಿಂಗಿನಲ್ಲಿ ಸುನೀಲ ಕಾರು ಸ್ಟಾರ್ಟ್ ಮಾಡಿ ಕಾಯುತ್ತಿದ್ದ. "ದಾನಪ್ಪ ಬರಲಿಲ್ಲ ಅವ್ವ? ಎಲ್ಲಿ ಹೋದ?"

"ಉಣ್ಣಾಕ ಹೋಗ್ಯಾನ."

"ಎಲ್ಲಿ? ಏನು ಉಣ್ಣಾಕ?"

ವಾಣಿ ಹಿಂದಿನ ಸೀಟಿನಿಂದ ನನ್ನ ಕಡೆ ನೋಡಿದಳು. ನಾನು ಬೆಲ್ಟು ಹಾಕಿಕೊಂಡೆ.

"ಗಾಡಿ ಬಿಡು" ಅಂದೆ.